ಟ್ಯಾಬ್ ಒತ್ತಿ ಮಾತಾಡುವ ಮಗಳಿಗೆ ಗೆಳತಿಯರು ಬೇಕು

ಪ್ರಶ್ನೆ: ನಾವು ಕುಮಟಾ ತಾಲೂಕಿನ ಹಳ್ಳಿಯವರು. ಮಗಳಿಗೆ ಹತ್ತು ವರ್ಷ, ಸರ್ಕಾರಿ ಶಾಲೆಯಲ್ಲಿ 5ನೇ ತರಗತಿ. ಸೆರೆಬ್ರಲ್ ಪಾಲ್ಸಿ ಇದೆ, ವೀಲ್‌ಚೇರ್ ಬೇಕು, ಮಾತು ಹೊರಗಿನವರಿಗೆ ಅರ್ಥ ಆಗುವುದಿಲ್ಲ. ಕಳೆದ ವರ್ಷದಿಂದ ಟ್ಯಾಬ್‌ನಲ್ಲಿ ಚಿತ್ರ ಒತ್ತಿ ಮಾತಾಡುತ್ತಾಳೆ. ಪಾಠ ಚೆನ್ನಾಗಿ ತಿಳಿಯುತ್ತದೆ. ತರಗತಿಯ ಮಕ್ಕಳು ಒಳ್ಳೆಯವರು, ಕುರ್ಚಿ ತಳ್ಳುತ್ತಾರೆ, ಚೀಲ ಎತ್ತಿಡುತ್ತಾರೆ. ಆದರೆ ಆಟಕ್ಕೆ ಬಿಟ್ಟ ಕೂಡಲೇ ಎಲ್ಲರೂ ಓಡುತ್ತಾರೆ, ಇವಳು ಜಗಲಿಯಲ್ಲಿ ಒಬ್ಬಳೇ. ಮಧ್ಯಾಹ್ನ ನಾನೇ ಹೋಗಿ ಊಟ ಮಾಡಿಸಿ ಬೆಲ್ ಹೊಡೆಯುವ ತನಕ ಜೊತೆಗಿರುತ್ತೇನೆ. ಮೊನ್ನೆ ರಾತ್ರಿ 'ಗೆಳತಿ', 'ಇಲ್ಲ' ಅಂತ ಎರಡು ಚಿತ್ರ ಒತ್ತಿದಳು. ನನಗೆ ನಿದ್ದೆ ಬರಲಿಲ್ಲ. ಟ್ಯಾಬ್ ಬಿಡಿಸು, ಮಾತು ತಾನಾಗಿ ಬರುತ್ತದೆ ಅಂತ ಅತ್ತೆ ಹೇಳುತ್ತಾರೆ. ದಿನಕ್ಕೊಬ್ಬರಂತೆ ಜೋಡಿ ಹಾಕುತ್ತೇನೆ ಅಂತ ಅಕ್ಕೋರು (ಟೀಚರ್) ಹೇಳಿದ್ದಾರೆ. ವಿಶೇಷ ಶಾಲೆಗೆ ಸೇರಿಸಿ ಅಂತ ನೆಂಟರು. ನಾನು ಏನು ಮಾಡಲಿ ಮೇಡಂ?

ಉತ್ತರ: ಯಾರೂ ಕೇಳದೆ, ತಾನಾಗಿಯೇ ಆ ಎರಡು ಚಿತ್ರ ಒತ್ತಿದಳಲ್ಲ, ಮೊದಲು ಅದನ್ನು ಗಮನಿಸಿ. ನೀರು ಬೇಕು, ಊಟ ಸಾಕು ಅನ್ನುವುದನ್ನು ದಾಟಿ ಮನಸ್ಸಿನ ಮಾತು ಹೇಳುವಲ್ಲಿಗೆ ಅವಳು ಬಂದಿದ್ದಾಳೆ. ಅದನ್ನು ಕೇಳಿ ನಿಮ್ಮ ಕರುಳು ಚುರುಕ್ ಅಂದಿರುತ್ತದೆ, ನನಗೆ ಅರ್ಥ ಆಗುತ್ತದೆ. ಆದರೆ ಇಷ್ಟು ಹೇಳಬಲ್ಲ ಮಗುವಿಗೆ ಸ್ನೇಹ ಮಾಡುವುದೂ ಸಾಧ್ಯ. ಅಡ್ಡ ನಿಂತಿರುವುದು ಬೇರೆ ಮೂರ್ನಾಲ್ಕು ವಿಷಯ. ಅವುಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲೇ, ಅಂದರೆ ದೊಡ್ಡವರ ಕೈಯಲ್ಲೇ ಇವೆ.

ಅತ್ತೆಯವರ ಮಾತಿನಿಂದ ಶುರು ಮಾಡೋಣ, ಯಾಕೆಂದರೆ ಇದನ್ನು ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೂ, ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿ ಕೇಳಿದ್ದೇನೆ. ಟ್ಯಾಬ್ ಅಭ್ಯಾಸ ಆದರೆ ಬಾಯಿ ಸೋಮಾರಿ ಆಗುತ್ತದೆ ಅನ್ನುವ ಭಯ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ನಿಜ ಅಲ್ಲ. 2006ರಲ್ಲಿ ಮಿಲರ್, ಲೈಟ್, ಶ್ಲೋಸರ್ ಎಂಬ ಮೂವರು ಸಂಶೋಧಕರು ಅಲ್ಲಿಯ ತನಕ ನಡೆದಿದ್ದ ಅಧ್ಯಯನಗಳನ್ನು ಸೋಸಿ ನೋಡಿದರು. ಗಟ್ಟಿ ಪುರಾವೆ ಸಿಕ್ಕಿದ 27 ಜನರಲ್ಲಿ ಇಂಥ ಸಾಧನದಿಂದ ಒಬ್ಬರ ಮಾತೂ ಕಡಿಮೆ ಆಗಿರಲಿಲ್ಲ. ಶೇ. 89ರಷ್ಟು ಜನರಿಗೆ ಮಾತು ಸ್ವಲ್ಪವಾದರೂ ಹೆಚ್ಚಾಗಿತ್ತು, ಉಳಿದವರದ್ದು ಇದ್ದಷ್ಟೇ ಇತ್ತು. ಸೆರೆಬ್ರಲ್ ಪಾಲ್ಸಿಯಲ್ಲಿ ನಾಲಿಗೆ, ತುಟಿ, ಉಸಿರು ಇವುಗಳ ಸ್ನಾಯುಗಳ ಮೇಲೆ ಹಿಡಿತ ಕಡಿಮೆ ಇರುತ್ತದೆ. ಟ್ಯಾಬ್ ಕಪಾಟಿನಲ್ಲಿಟ್ಟರೆ ಆ ಹಿಡಿತ ಬಂದುಬಿಡುವುದಿಲ್ಲ, ಇರುವ ದಾರಿಯೂ ಮುಚ್ಚಿಹೋಗುತ್ತದೆ, ಅಷ್ಟೇ. ಅವಳ ನಗು, ಕೂಗು, ಕಣ್ಣಿನ ಸನ್ನೆ ಎಲ್ಲವೂ ಮಾತೇ, ಅವನ್ನೂ ಟ್ಯಾಬನ್ನೂ ಸೇರಿಸಿಯೇ ಅವಳು ಮಾತಾಡಲಿ. ಅತ್ತೆಯವರಿಗೆ ವಾದ ಮಾಡಿ ಹೇಳುವುದಕ್ಕಿಂತ, ಮೊಮ್ಮಗಳು ಅವರ ಹತ್ತಿರ ದಿನಾ ಒಂದು ಮಾತು ಕೇಳುವ ಹಾಗೆ ಮಾಡಿ. "ಅಜ್ಜಿ, ಇವತ್ತು ಎಂತ ಪದಾರ್ಥ?" ಅಂತ ಟ್ಯಾಬ್‌ನಿಂದ ಧ್ವನಿ ಬಂದಾಗ ಉತ್ತರ ಕೊಡದ ಅಜ್ಜಿಯನ್ನು ನಾನಂತೂ ನೋಡಿಲ್ಲ.

ಇನ್ನು ಮಕ್ಕಳು ಯಾಕೆ ಓಡಿಹೋಗುತ್ತಾರೆ ಅನ್ನುವುದು. ಅವರಿಗೆ ಇವಳು ಬೇಡ ಅಂತ ಅಲ್ಲ. ಒಂದು ಮುಖ್ಯ ಕಾರಣ ವೇಗ. ನಾವು ಮಾತಾಡುವಾಗ ನಿಮಿಷಕ್ಕೆ ನೂರಕ್ಕಿಂತ ಜಾಸ್ತಿ ಪದ ಹೋಗುತ್ತವೆ. ಸಾಧನ ಬಳಸುವವರಿಗೆ ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಪದ ದಾಟುವುದೇ ಕಷ್ಟ, ಕೆಲವರಿಗೆ ಎರಡು ಮೂರು. ಇವಳು ಮೊದಲ ಚಿತ್ರ ಹುಡುಕುವಷ್ಟರಲ್ಲಿ ಪಕ್ಕದವಳು ಪ್ರಶ್ನೆ ಕೇಳಿ, ಉತ್ತರ ಊಹಿಸಿ, ಬೇರೆ ವಿಷಯಕ್ಕೆ ಹೋಗಿರುತ್ತಾಳೆ. ಮೌನ ಬಂದರೆ ತುಂಬಿಬಿಡುವುದು ಎಲ್ಲರ ಅಭ್ಯಾಸ. ಆಮೇಲೆ ನಿಧಾನಕ್ಕೆ ಎಲ್ಲ ಪ್ರಶ್ನೆಗಳೂ 'ಹೌದಾ, ಅಲ್ವಾ' ಪ್ರಶ್ನೆಗಳಾಗುತ್ತವೆ. ನೀರು ಬೇಕಾ? ಬಾತ್‌ರೂಮಿಗಾ? ಅಮ್ಮ ಬರ್ತಾರಾ? ಇವಳು ತಲೆ ಆಡಿಸುತ್ತಾಳೆ, ಮಾತುಕತೆ ಮುಗಿಯಿತು.

ಎರಡನೆಯದನ್ನು ನಾನು ಇದಕ್ಕಿಂತಲೂ ದೊಡ್ಡ ಕಾರಣ ಅಂದುಕೊಂಡಿದ್ದೇನೆ. ಈಗಲೇ ಟ್ಯಾಬ್ ತೆರೆದು ಅದರಲ್ಲಿ ಯಾವ ಮಾತುಗಳಿವೆ ಅಂತ ನೋಡಿ. ಊಟ, ನೀರು, ನೋವು, ಬೇಕು, ಬೇಡ, ಪೆನ್ಸಿಲ್, ಬಣ್ಣಗಳ ಹೆಸರು, ಹಣ್ಣುಗಳ ಹೆಸರು. ಅಲ್ವಾ? ಸಾಧನ ಬಳಸುವವರ ಮಾತುಕತೆಯಲ್ಲಿ ನಾಲ್ಕು ಬಗೆಯ ಉದ್ದೇಶ ಇರುತ್ತವೆ ಅಂತ ಸಂಶೋಧಕಿ ಜಾನಿಸ್ ಲೈಟ್ 1988ರಲ್ಲೇ ಬರೆದಿದ್ದಾರೆ: ಬೇಕಾದ್ದನ್ನು ಕೇಳುವುದು, ವಿಷಯ ತಿಳಿಸುವುದು, ಹತ್ತಿರ ಆಗುವುದು, ನಮಸ್ಕಾರ ಥ್ಯಾಂಕ್ಸ್ ಥರದ ಮರ್ಯಾದೆಯ ಮಾತು. ನಾವು ದೊಡ್ಡವರು ಮೊದಲನೆಯದನ್ನು ತುಂಬಿಸಿ ಕೊಡುತ್ತೇವೆ, ಪಾಠಕ್ಕೆ ಬೇಕಾಗಿ ಎರಡನೆಯದನ್ನು ಒಂದಿಷ್ಟು. ಹತ್ತಿರ ಆಗುವ ಮಾತು ಇರುವುದೇ ಇಲ್ಲ. ಹತ್ತು ವರ್ಷದ ಹುಡುಗಿಯರು ದಿನವಿಡೀ ಏನು ಮಾತಾಡುತ್ತಾರೆ ಸ್ವಲ್ಪ ಕಿವಿಗೊಟ್ಟು ಕೇಳಿ. "ಹೌದನೇ?", "ಸುಳ್ಳು ಹೇಳಬೇಡ", "ಯಾರಿಗೂ ಹೇಳಬೇಡ ಹಾಂ", "ನಿನ್ನ ಕ್ಲಿಪ್ ಚಂದ ಇದೆ", "ಟೂ ಬಿಟ್ಟೆ", "ಇವತ್ತು ಮಾಸ್ತರಿಗೆ ಸಿಟ್ಟು ಬಂದಿದೆ". ಇಂಥ ಒಂದು ಮಾತೂ ಇಲ್ಲದ ಟ್ಯಾಬ್ ಹಿಡಿದುಕೊಂಡು ಸ್ನೇಹ ಮಾಡು ಅಂದರೆ ಪಾಪ ಅವಳಾದರೂ ಏನು ಮಾಡಬೇಕು?

ಅದಕ್ಕೇ ನಿಮ್ಮ ಮೊದಲ ಕೆಲಸ, ಒಂದು ಹೊಸ ಪುಟ. ಅದಕ್ಕೆ ಮಾತುಗಳನ್ನು ನೀವು ಆರಿಸಬೇಡಿ. ಅದೇ ವಯಸ್ಸಿನ ಅಕ್ಕತಂಗಿಯರು, ಚಿಕ್ಕಮ್ಮನ ಮಗಳು, ಪಕ್ಕದ ಮನೆಯ ಹುಡುಗಿ ಯಾರಾದರೂ ಇದ್ದರೆ ಅವರನ್ನು ಕೂರಿಸಿಕೊಂಡು ಕೇಳಿ, ಕೊನೆಗೆ ಮಗಳೇ ಒಪ್ಪಬೇಕು. ಧ್ವನಿಯ ವಿಷಯವೂ ಇದೆ. ಆ್ಯಪ್‌ನ ಯಂತ್ರದ ಧ್ವನಿ ದೊಡ್ಡವರದ್ದು, ಅದು ಆಡುವುದು ಪುಸ್ತಕದ ಕನ್ನಡ. ಮನೆಯಲ್ಲಿ ನೀವು ಹವ್ಯಕ ಭಾಷೆಯೋ ಕೊಂಕಣಿಯೋ ಊರ ಕನ್ನಡವೋ ಆಡುತ್ತೀರಿ, ಶಾಲೆಯಂಗಳದಲ್ಲಿ ಮಕ್ಕಳೂ ಹಾಗೇ. ಹೆಚ್ಚಿನ ಆ್ಯಪ್‌ಗಳಲ್ಲಿ ನಮ್ಮದೇ ಧ್ವನಿ ರೆಕಾರ್ಡ್ ಮಾಡಿ ಹಾಕಬಹುದು. ಅದೇ ವಯಸ್ಸಿನ ಹುಡುಗಿಯೊಬ್ಬಳ ಧ್ವನಿಯಲ್ಲಿ "ಎಂತ ಮಾರಾಯ್ತಿ!" ಅಂತ ಒಂದು ಬಟನ್ ಇದ್ದರೆ ಅದರ ಪರಿಣಾಮವೇ ಬೇರೆ. ಬೈಗುಳ ಇರಬೇಕಾ ಅಂತ ತಂದೆತಾಯಿ ಕೇಳುತ್ತಾರೆ. ಆ ವಯಸ್ಸಿನ ಮಕ್ಕಳು ಶಾಲೆಯಲ್ಲಿ ಆಡುವಷ್ಟು ಇರಲಿ, ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದರೆ ನೀವು ಎಷ್ಟು ಗದರಿಸುತ್ತಿದ್ದಿರೋ ಅಷ್ಟೇ ಗದರಿಸಿ. 'ನಿಲ್ಲಿಸು', 'ಮುಟ್ಟಬೇಡ', 'ನಂಗೆ ಇದು ಇಷ್ಟ ಇಲ್ಲ', 'ಅಕ್ಕೋರಿಗೆ ಹೇಳ್ತೇನೆ' ಇವು ಮಾತ್ರ ಕಡ್ಡಾಯ. ಅಣಕಿಸುವವರು, ಕಾಟ ಕೊಡುವವರು ಎಲ್ಲ ಶಾಲೆಯಲ್ಲೂ ಇರುತ್ತಾರೆ. ಹೇಳಲು ಮಾತೇ ಇಲ್ಲದ ಮಗುವಿಗೆ ಅಪಾಯ ಜಾಸ್ತಿ.

ಈಗ ಹೇಳುವುದು ನಿಮಗೆ ಕಷ್ಟ ಆಗಬಹುದು. ಮಧ್ಯಾಹ್ನದ ಬಿಡುವು ಇಡೀ ದಿನದಲ್ಲಿ ಸ್ನೇಹಕ್ಕೆ ಸಿಗುವ ದೊಡ್ಡ ಹೊತ್ತು, ಆ ಹೊತ್ತಿನಲ್ಲಿ ಅವಳ ಪಕ್ಕ ನೀವಿರುತ್ತೀರಿ. ಅಮ್ಮ ಕೂತಲ್ಲಿ ಮಕ್ಕಳು ಬಂದು ಹರಟೆ ಹೊಡೆಯುವುದಿಲ್ಲ. ಬಂದರೂ ನಿಮ್ಮ ಮುಖ ನೋಡಿ, "ಇವಳು ಊಟ ಮಾಡಿದಳಾ?" ಅಂತ ನಿಮ್ಮನ್ನೇ ಕೇಳುತ್ತಾರೆ. ಇದು ನಿಮ್ಮೊಬ್ಬರ ವಿಷಯ ಅಲ್ಲ. ಅಮೆರಿಕದ ಶಾಲೆಗಳಲ್ಲಿ ಮಗುವಿನ ಪಕ್ಕ ಯಾವಾಗಲೂ ಸಹಾಯಕರು ಅಂಟಿಕೊಂಡಿದ್ದರೆ ಏನಾಗುತ್ತದೆ ಅಂತ ಸಂಶೋಧಕ ಮೈಕೆಲ್ ಜಿಯಾಂಗ್ರೆಕೊ ಮತ್ತು ಜೊತೆಗಾರರು 1997ರಲ್ಲಿ ಬರೆದಿದ್ದರು, ಸಹಪಾಠಿಗಳು ದೂರ ಉಳಿಯುತ್ತಾರೆ ಅನ್ನುವುದು ಅದರಲ್ಲಿ ಮುಖ್ಯವಾಗಿತ್ತು. ಹಾಗಂತ ನಾಳೆಯಿಂದಲೇ ಹೋಗುವುದು ನಿಲ್ಲಿಸಬೇಡಿ. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳಿಗೆ ನುಂಗುವುದು ಕಷ್ಟ, ಅನ್ನ ಉಸಿರಿನ ದಾರಿಗೆ ಹೋದರೆ ಅಪಾಯ. ಗೆಳತಿಯರು ತುತ್ತು ಕೊಡುವುದು ನೋಡಲು ಎಷ್ಟೇ ಚಂದ ಕಂಡರೂ ಬೇಡವೇ ಬೇಡ. ಊಟ ನೀವೇ ಮಾಡಿಸಿ, ಉಳಿದ ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ಕೂತಾಗ ಅವರ ಹತ್ತಿರವೇ ಕೂತು ಮಾಡಿಸಿ, ಮುಗಿದ ಕೂಡಲೇ ಬಾಯಿ ಒರೆಸಿ, ಟ್ಯಾಬ್ ಸರಿಯಾಗಿ ನಿಲ್ಲಿಸಿ, ಎದ್ದುಹೋಗಿ. ಅಡುಗೆಯವರ ಜೊತೆ ಮಾತಾಡುತ್ತಾ ಕಣ್ಣಳತೆಯಲ್ಲಿ ಇದ್ದರೆ ಸಾಕು. ಕರೆದರೆ ಮಾತ್ರ ಬನ್ನಿ.

ಅಕ್ಕೋರ ಜೋಡಿ ಯೋಜನೆ. ಅವರಿಗೆ ಮನಸ್ಸಿದೆ ಅನ್ನುವುದೇ ನಿಮ್ಮ ಭಾಗ್ಯ, ಅದನ್ನು ಕಳೆದುಕೊಳ್ಳಬೇಡಿ. ಆದರೆ ದಿನಕ್ಕೊಬ್ಬರು ಬೇಡ. ತರಗತಿಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ಒಬ್ಬೊಬ್ಬರ ಸರದಿ ತಿಂಗಳಿಗೊಂದು ಸಲ ಬರುತ್ತದೆ. ಇವಳ ಮಾತಿಗೆ ಕಾಯುವುದು, ಇವಳ ಕಣ್ಣು ಓದುವುದು ಕಲಿಯಲು ಕೆಲವು ವಾರವಾದರೂ ಬೇಕು, ಹಾಗಾಗಿ ಸರದಿ ಪದ್ಧತಿಯಲ್ಲಿ ಯಾರೂ ಕಲಿಯುವುದಿಲ್ಲ. ಇನ್ನೊಂದು ಅಪಾಯ, ಇವಳ ಜೊತೆ ಕೂರುವುದು ಬೋರ್ಡ್ ಒರೆಸುವ ಪಾಳಿ, ಕಸ ಗುಡಿಸುವ ಪಾಳಿಯ ಸಾಲಿಗೆ ಸೇರಿಬಿಡುತ್ತದೆ. ಈಗಲೇ ಮಕ್ಕಳು ಕುರ್ಚಿ ತಳ್ಳುವ, ಚೀಲ ಎತ್ತುವ ಸಂಬಂಧದಲ್ಲಿ ಇದ್ದಾರೆ. ಸಹಾಯ ಒಂದೇ ಕಡೆಯಿಂದ ಹೋಗುತ್ತಿದ್ದರೆ ಅದು ಒಳ್ಳೆಯತನ ಆಗುತ್ತದೆ, ಸ್ನೇಹ ಆಗುವುದು ಕಷ್ಟ.

ಅದರ ಬದಲು ಒಂದು ಸಣ್ಣ ಗುಂಪು ಮಾಡಿ ಅನ್ನುವುದು ನನ್ನ ಸಲಹೆ. ಮೂರೋ ನಾಲ್ಕೋ ಮಕ್ಕಳು, ಪ್ರತಿ ಸಲವೂ ಅವರೇ, ವಾರಕ್ಕೆ ಒಂದೆರಡು ಸಲ, ಏನೋ ಒಂದು ಕೆಲಸ ಅಥವಾ ಆಟಕ್ಕೆ. ಸಂಶೋಧಕ ಎರಿಕ್ ಕಾರ್ಟರ್ ಮತ್ತು ಅವರ ಜೊತೆಗಾರರು ಅಮೆರಿಕದ ಶಾಲೆಗಳಲ್ಲಿ ಇಂಥ ಗುಂಪುಗಳನ್ನು ಪ್ರಯತ್ನಿಸಿ ನೋಡಿದ್ದಾರೆ, ಮಕ್ಕಳ ನಡುವಿನ ಒಡನಾಟ ಹೆಚ್ಚಿದ್ದು ಕಂಡಿದೆ. ನಮ್ಮ ಶಾಲೆಗಳಿಗೆ ಇದು ಸುಲಭ, ಪ್ರತಿಭಾ ಕಾರಂಜಿ ಬಂದರೆ ತಯಾರಿ ಇದೆ, ಗೋಡೆಪತ್ರಿಕೆ ಇದೆ, ಕೈತೋಟ ಇದೆ, ಮಳೆಗಾಲದಲ್ಲಂತೂ ಮಕ್ಕಳು ಹೊರಗೆ ಓಡಲು ಆಗದೆ ಒಳಗೇ ಇರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆ ಅಂತ ಬೇಜಾರು ಮಾಡಿಕೊಳ್ಳುವ ಬದಲು ಆ ತಿಂಗಳುಗಳನ್ನೇ ಇದಕ್ಕೆ ಬಳಸಿ. ಗುಂಪಿಗೆ ತರಗತಿಯ 'ಬುದ್ಧಿವಂತೆ, ಒಳ್ಳೆ ಹುಡುಗಿ'ಯನ್ನೇ ಆರಿಸಬೇಕು ಅಂತಿಲ್ಲ. ಈಗಾಗಲೇ ಟ್ಯಾಬ್ ಕಡೆ ಕುತೂಹಲದಿಂದ ಇಣುಕುವವಳು, ಸ್ವಲ್ಪ ತುಂಟಿ, ಇವರೇ ಹೆಚ್ಚಾಗಿ ನಿಲ್ಲುತ್ತಾರೆ. ಮಗಳನ್ನು ಕೇಳಿ, ಅವಳ ಮನಸ್ಸಲ್ಲಿ ಯಾರೋ ಇದ್ದೇ ಇರುತ್ತಾರೆ.

ಯಾವ ಆಟ? ವೇಗ ಬೇಡದ, ಇವಳ ಮಾತಿಗಾಗಿ ಉಳಿದವರು ಕಾಯಲೇಬೇಕಾದ ಆಟ. ಶಿರಸಿ ಕಡೆಯ ಒಂದು ಶಾಲೆಯಲ್ಲಿ 4ನೇ ತರಗತಿಯ ಹುಡುಗನ ಟ್ಯಾಬ್‌ಗೆ ನಾವು ಒಗಟುಗಳನ್ನು ತುಂಬಿಸಿದ್ದೆವು. ಒಂದು ಬಟನ್ ಒತ್ತಿದರೆ "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂತ ಪೂರ್ತಿ ಒಗಟು ಬರುತ್ತದೆ. ಪಕ್ಕದಲ್ಲಿ 'ತಪ್ಪು', 'ಹತ್ತಿರ ಬಂದೆ', 'ಸೋತೆ ಅಂತ ಹೇಳು', 'ಹೇಳೋದಿಲ್ಲ ಹೋಗು' ಅಂತ ನಾಲ್ಕು ಬಟನ್. ಐದಾರು ಮಕ್ಕಳು ಕುರ್ಚಿ ಸುತ್ತ ನಿಂತು, ಹತ್ತಿ ಅಂದರು, ಹಿಮ ಅಂದರು, ಒಬ್ಬ ಮೊಸರವಲಕ್ಕಿ ಅಂದ. ಇವನು ಪ್ರತಿ ಸಲವೂ ಬೆರಳು ಎತ್ತಿ, ಬಟನ್ ಮೇಲೆ ತಂದು, ಒತ್ತದೆ ಅವರ ಮುಖ ನೋಡುತ್ತಿದ್ದ. ಬೇಕಂತಲೇ ಸತಾಯಿಸುತ್ತಿದ್ದ. ಹಿಂದಿನ ದಿನದ ತನಕ ಅವನು ನಿಧಾನ ಅಂತ ಎದ್ದುಹೋಗುತ್ತಿದ್ದ ಮಕ್ಕಳೇ "ಬೇಗ ಹೇಳಾ" ಅಂತ ಕುರ್ಚಿ ಹಿಡಿದುಕೊಂಡು ಕುಣಿಯುತ್ತಿದ್ದರು. ಮಲ್ಲಿಗೆ ಅಂತ ಉತ್ತರ ಹೇಳಿದ್ದು ಕೊನೆಯ ಸಾಲಿನಲ್ಲಿದ್ದ ಹುಡುಗಿ. ಮಾರನೇ ದಿನ ಅವಳು ತನ್ನ ಅಜ್ಜಿಯಿಂದ ಕೇಳಿಕೊಂಡು ಎರಡು ಹೊಸ ಒಗಟು ತಂದು, ಇದನ್ನೂ ಹಾಕಿಕೋ ಅಂತ ಕೊಟ್ಟಳು. ಆಗ ಶುರುವಾಯಿತು ಅಂತ ನನಗೆ ಅನ್ನಿಸಿತು, ಯಾಕೆಂದರೆ ಅದನ್ನು ಯಾವ ದೊಡ್ಡವರೂ ಹೇಳಿಕೊಟ್ಟಿರಲಿಲ್ಲ.

ಹಾವು ಏಣಿ, ಚೆನ್ನೆಮಣೆ, ಕ್ರಿಕೆಟ್‌ನಲ್ಲಿ ಅಂಪೈರ್ ಇವೂ ಆಗುತ್ತವೆ. ಅಂಪೈರ್ ವಿಷಯದಲ್ಲಿ ಒಂದು ಎಚ್ಚರ: ವರ್ಷವಿಡೀ ಅವಳನ್ನು ಅಂಪೈರ್ ಮಾಡಿ ಕೂರಿಸಿದರೆ ಅದೂ ಒಂದು ಮೂಲೆಯೇ.

ಗುಂಪಿನ ಮಕ್ಕಳಿಗೆ ಕಲಿಸಬೇಕಾದ್ದು ತುಂಬಾ ಇಲ್ಲ. ಎದುರಿಗೆ ಬಂದು ಮಾತಾಡು. ಒಂದು ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರ ತನಕ ಎಣಿಸು, ಅಷ್ಟರ ಒಳಗೆ ಇನ್ನೊಂದು ಕೇಳಬೇಡ. ಅವಳು ಒತ್ತುತ್ತಿರುವಾಗ ವಾಕ್ಯ ಮುಗಿಸಿಕೊಡಬೇಡ, ಅವಳೇ ಊಹಿಸು ಅಂದರೆ ಊಹಿಸು. ಟ್ಯಾಬ್ ಅವಳ ಬಾಯಿ ಇದ್ದ ಹಾಗೆ, ಕೇಳದೆ ಮುಟ್ಟಬೇಡ. ಈ ಕೊನೆಯದು ಮಕ್ಕಳಿಗೆ ಕಷ್ಟ, ಟ್ಯಾಬ್ ಕಂಡರೆ ಕೈ ಸುಮ್ನೆ ಇರುವುದಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಟ್ಯಾಬ್‌ನ ಮುಖ್ಯ ಪುಟಗಳ ಸ್ಕ್ರೀನ್‌ಶಾಟ್ ತೆಗೆದು, ಬಣ್ಣದ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ ನಾಲ್ಕೈದು ಪ್ರತಿ ತರಗತಿಯಲ್ಲಿಡಿ. ಮಕ್ಕಳು ಅದನ್ನು ಹಿಡಿದುಕೊಂಡು ತಾವೂ ಚಿತ್ರ ತೋರಿಸಿ ಮಾತಾಡಲಿ, ಅಕ್ಕೋರೂ ಪಾಠ ಮಾಡುವಾಗ ತೋರಿಸಲಿ. ಸುತ್ತಲಿನವರು ಅದೇ ಚಿತ್ರಗಳನ್ನು ಬಳಸುವುದನ್ನು ನೋಡಿಯೇ ಮಗಳೂ ಉದ್ದದ ವಾಕ್ಯ ಕಲಿಯುತ್ತಾಳೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮ ಕಡೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ, ಚಾರ್ಜ್ ಮುಗಿದ ದಿನ ಈ ಹಾಳೆಯೇ ಅವಳ ಮಾತು. ಚಾರ್ಜ್ ಇಲ್ಲ ಅಂತಲೋ, ಶಿಕ್ಷೆ ಅಂತಲೋ ಅವಳ ಕೈಯಲ್ಲಿ ಏನೂ ಇಲ್ಲದ ಒಂದು ದಿನವೂ ಇರಬಾರದು.

ಇಡೀ ತರಗತಿಗೆ ಅವಳ ಬಗ್ಗೆ ಭಾಷಣ ಮಾಡಿಸುವುದು ಒಳ್ಳೆಯದಾ ಅಂತ ಕೆಲವು ಶಿಕ್ಷಕರು ಕೇಳುತ್ತಾರೆ. ಅವಳು ಒಪ್ಪಿದರೆ ಮಾತ್ರ. ಒಪ್ಪಿದರೂ ಅವಳೇ ಟ್ಯಾಬ್‌ನಲ್ಲಿ ಮೊದಲೇ ಸಿದ್ಧ ಮಾಡಿಟ್ಟ ನಾಲ್ಕು ಮಾತು ಹೇಳಲಿ, ಅವಳಿಗೆ ಏನಿಷ್ಟ, ಏನು ಮಾಡಿದರೆ ಸಿಟ್ಟು ಬರುತ್ತದೆ, ಇಷ್ಟೇ. ಕಾಯಿಲೆಯ ಹೆಸರು, ಹುಟ್ಟಿದಾಗ ಏನಾಯಿತು ಇವೆಲ್ಲ ಬೇಡ. "ಪಾಪ" ಅನ್ನುವ ಶಬ್ದ ಒಂದು ಸಲ ತರಗತಿಯೊಳಗೆ ಬಂದರೆ ಹೊರಗೆ ಹಾಕುವುದು ಬಹಳ ಕಷ್ಟ.

ವಿಶೇಷ ಶಾಲೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಅಲ್ಲಿ ತನ್ನ ಹಾಗೇ ಮಾತಾಡುವ ಮಕ್ಕಳು ಸಿಗಬಹುದು, ಅದು ದೊಡ್ಡ ಸಮಾಧಾನ, ತಾನೊಬ್ಬಳೇ ಹೀಗೆ ಅನ್ನುವ ಭಾವನೆ ಕರಗುತ್ತದೆ. ಆದರೆ ಪಾಠ ಚೆನ್ನಾಗಿ ತಿಳಿಯುವ ಮಗುವನ್ನು ಗೆಳತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಊರಿಂದ ದೂರ ಕಳಿಸಿದರೆ, ಅಕ್ಕಪಕ್ಕದ ಮನೆಯ ಮಕ್ಕಳ ನಂಟೂ ಹೋಗುತ್ತದೆ. ನಾನಾದರೆ ಈ ಶಾಲೆಯಲ್ಲೇ ಇರಿಸಿ, ಸಾಧನ ಬಳಸುವ ಬೇರೆ ಮಕ್ಕಳ ಜೊತೆ ವಿಡಿಯೊ ಕಾಲ್, ವಾಟ್ಸ್‌ಆ್ಯಪ್ ಸಂದೇಶ ಇಂಥದ್ದಕ್ಕೆ ದಾರಿ ಮಾಡುತ್ತಿದ್ದೆ. ಅವಳನ್ನು ನೋಡುವ ಥೆರಪಿಸ್ಟ್ ಹತ್ತಿರ ಕೇಳಿದರೆ ಅಂಥ ಮನೆಗಳ ಪರಿಚಯ ಆಗುತ್ತದೆ. ಬೆರಳಿಂದ ಒತ್ತುವುದು ಬಹಳ ನಿಧಾನ ಇದ್ದರೆ ಒಮ್ಮೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ ಬನ್ನಿ. ಚಿತ್ರಗಳ ಗಾತ್ರ, ಟ್ಯಾಬ್ ನಿಲ್ಲಿಸುವ ಕೋನ, ಕೂರುವ ಭಂಗಿ ಇಷ್ಟನ್ನು ಸರಿಮಾಡಿದರೂ ಎಷ್ಟೋ ಸಲ ವೇಗ ಹೆಚ್ಚುತ್ತದೆ.

ಶಾಲೆಯಲ್ಲಿ ಯಾರಾದರೂ ಟ್ಯಾಬ್ ತರಬೇಡಿ ಅಂದರೆ ಹೆದರಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ, ಮಾತಿನ ತೊಂದರೆ ಇರುವವರಿಗೆ ಇಂಥ ಪರ್ಯಾಯ ಸಂವಹನ ವಿಧಾನಗಳನ್ನು ಶಿಕ್ಷಣದಲ್ಲಿ ಬೆಳೆಸಬೇಕು ಅಂತ ಸ್ಪಷ್ಟವಾಗಿ ಇದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮಟ್ಟದಲ್ಲಿ, ವಿಶೇಷ ಅಗತ್ಯ ಇರುವ ಮಕ್ಕಳ ಕಲಿಕೆಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ, ಗುಂಪಿನ ಯೋಜನೆಯನ್ನು ಅಕ್ಕೋರ ಜೊತೆ ಅವರೂ ಕೂತು ಮಾಡಿದರೆ ಅಕ್ಕೋರ ಮೇಲಿನ ಹೊರೆ ಕಡಿಮೆ ಆಗುತ್ತದೆ.

ಮನೆಯ ಕಡೆಯಿಂದ ಒಂದು ಕೆಲಸ. ಭಾನುವಾರ ಒಬ್ಬಳನ್ನು ಕರೆಯಿರಿ. ಒಬ್ಬಳನ್ನೇ, ನಾಲ್ಕು ಜನ ಬಂದರೆ ಅವರವರೇ ಆಡಿಕೊಂಡು ಹೋಗುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮನೆಯಿಂದ ಮನೆಗೆ ದೂರ, ತೋಟ ದಾಟಬೇಕು, ಹೊಳೆ ದಾಟಬೇಕು, ಅದಕ್ಕೆ ಆ ಹುಡುಗಿಯ ಅಮ್ಮನ ಜೊತೆ ನೀವೇ ಮಾತಾಡಿ ಕರೆತಂದು ಬಿಟ್ಟುಬನ್ನಿ. ತಿಂಡಿ ಕೊಟ್ಟು ಒಳಗೆ ಹೋಗಿಬಿಡಿ. ಇಬ್ಬರೂ ಸುಮ್ಮನೆ ಕೂತಿದ್ದರೆ ಮಾತು ಹುಟ್ಟಿಸಲು ಹೋಗಬೇಡಿ. ಟ್ಯಾಬ್‌ನಲ್ಲಿ ಏನೇನು ಒತ್ತಿದ್ದಾಳೆ ಅಂತ ಆಮೇಲೆ ತೆರೆದು ನೋಡಲೂಬೇಡಿ, ಹತ್ತು ವರ್ಷದ ಹುಡುಗಿಗೆ ಗುಟ್ಟು ಇರಬೇಕು.

ಎಷ್ಟು ದಿನ ಕಾಯಬೇಕು? ಒತ್ತಾಯದಿಂದ ಒಬ್ಬರನ್ನು ಪಕ್ಕ ಕೂರಿಸಬಹುದು, ಗೆಳತಿ ಮಾಡಿಕೊಡಲು ನಮ್ಮಿಂದ ಆಗುವುದಿಲ್ಲ, ಅದಕ್ಕೆ ಸಮಯ ಬೇಕು. ಅರ್ಧ ವರ್ಷದ ತನಕ ಇದೇ ಗುಂಪು ಇರಲಿ. ದೊಡ್ಡವರು ಕರೆಯದೆ ಯಾರಾದರೂ ಅವಳ ಹತ್ತಿರ ಬರುತ್ತಾರಾ, ಅವಳು ರಜೆ ಹಾಕಿದ ದಿನ ಯಾಕೆ ಬರಲಿಲ್ಲ ಅಂತ ಕೇಳುತ್ತಾರಾ, ಜಗಳ ಆಡುತ್ತಾರಾ ಅಂತ ನೋಡಿ. ಜಗಳ ಆಡಿದರೆ ಖುಷಿಪಡಿ, ಬಿಡಿಸಲು ಓಡಬೇಡಿ. ಏನೂ ಕಾಣದಿದ್ದರೆ ದಸರಾ ರಜೆ ಮುಗಿದ ಮೇಲೆ ಗುಂಪಿನ ಒಬ್ಬಿಬ್ಬರನ್ನು, ಇಲ್ಲವೇ ಆಟವನ್ನು ಬದಲಾಯಿಸಿ. 7ನೇ ತರಗತಿ ಮುಗಿದ ಮೇಲೆ ಹೈಸ್ಕೂಲ್ ಬೇರೆ ಆಗುತ್ತದೆ, ಆಗ ಹೊಸ ಮುಖಗಳು, ಹೊಸ ಶಿಕ್ಷಕರು. ಅಷ್ಟರಲ್ಲಿ ಅವಳ ಮಾತಿಗೆ ಕಾಯಲು ಗೊತ್ತಿರುವ ಒಬ್ಬಿಬ್ಬರು ಅದೇ ಹೈಸ್ಕೂಲಿಗೆ ಹೋಗುತ್ತಾರಾ, ಒಂದೇ ಸೆಕ್ಷನ್ ಸಿಗುತ್ತದಾ ಅಂತ 7ನೇ ತರಗತಿ ಇರುವಾಗಲೇ ವಿಚಾರಿಸಿಡಿ.